ಯಥಾಸ್ಥಿತಿಯಲ್ಲಿದ್ದ ಬಾವಿ

ಕೊರೊನಾ ಅಬ್ಬರ ಇಳಿದು ಕೋರ್ಟುಗಳು ಮತ್ತೆ ಪೂರ್ತಿ ತೆರೆದ ವರ್ಷ ಅದು. ನಾನು ನಂಜನಗೂಡಿನಲ್ಲಿ ಸಿವಿಲ್ ವಕೀಲನಾಗಿ ಇಪ್ಪತ್ತೇಳು ವರ್ಷ ಕಳೆದಿದ್ದೆ. ವಾರದ ಹೆಚ್ಚಿನ ದಿನ ನಂಜನಗೂಡು ಕೋರ್ಟು, ಮಂಗಳವಾರ ಮತ್ತು ಶುಕ್ರವಾರ ತಿ. ನರಸೀಪುರದ ಕೋರ್ಟು. ಗಡಿ ತಕರಾರು ಅಂದರೆ ಇವರ ಹತ್ತಿರ ಹೋಗಿ ಎಂದು ಎರಡೂ ಊರಿನಲ್ಲಿ ಜನ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಕೇಳಿಸದವನಂತೆ ನಟಿಸುವುದು ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ನಾಗರತ್ನಮ್ಮ ನನ್ನ ಆಫೀಸಿಗೆ ಬಂದದ್ದು ಆ ವರ್ಷದ ಬೇಸಿಗೆಯಲ್ಲಿ. ಕವಲಂದೆಯವರು, ತಿ. ನರಸೀಪುರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಸೋಸಲೆಗೆ ಹೋಗುವ ದಾರಿಯಲ್ಲಿ ಇಪ್ಪತ್ತು ಗುಂಟೆ, ಎಂದರೆ ಅರ್ಧ ಎಕರೆ, ಜಮೀನನ್ನು ಎಂಟು ವರ್ಷದ ಹಿಂದೆ ಕೊಂಡಿದ್ದರು. ನಿವೃತ್ತಿಯ ಹೊತ್ತಿಗೆ ಅಲ್ಲಿ ಎರಡು ರೂಮಿನ ಮನೆ ಕಟ್ಟಿ, ಮುಂದೆ ನಾಲ್ಕು ಸಾಲು ಕನಕಾಂಬರ ಹಾಕಬೇಕೆಂಬುದು ಅವರ ಆಸೆ. ಅಲ್ಲಿಯವರೆಗೆ ಜಮೀನು ಖಾಲಿ ಬಿದ್ದಿತ್ತು. ಖಾಲಿ ಜಮೀನನ್ನು ನಮ್ಮ ಜನ ಬ್ಯಾಂಕಿನ ಲಾಕರಿನಲ್ಲಿಟ್ಟ ಒಡವೆಯಂತೆ ನೋಡುತ್ತಾರೆ. ಇಟ್ಟಿದ್ದೇವೆ, ಇರುತ್ತದೆ, ಬೇಕಾದಾಗ ಹೋಗಿ ನೋಡಿದರಾಯಿತು. ಆ ಎಂಟು ವರ್ಷದಲ್ಲಿ ಊರವರು ಅದರ ಮಧ್ಯೆ ಕಾಲುದಾರಿ ಮಾಡಿಕೊಂಡಿದ್ದರು, ಹುಲ್ಲು ಕೊಯ್ಯುತ್ತಿದ್ದರು, ಹಸು ಕಟ್ಟುತ್ತಿದ್ದರು. ನಮ್ಮ ಕಡೆ ಪಾಳು ಬಿದ್ದ ಜಾಗದ ಹುಲ್ಲು ಕೊಯ್ದವರದು. ಅದಕ್ಕೆ ಯಾರೂ ಯಾರನ್ನೂ ಕೇಳುವುದಿಲ್ಲ.

ತಕರಾರು ಎದ್ದದ್ದು ಪಶ್ಚಿಮದ ಗಡಿಯಲ್ಲಿದ್ದ ಹಳೆಯ ಕಲ್ಲುಬಾವಿಯಿಂದ. ಕ್ರಯಪತ್ರದಲ್ಲಿ ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುತ್ತಾರಲ್ಲ, ಆ ಚೆಕ್ಕುಬಂದಿಯಲ್ಲಿ ನಾಗರತ್ನಮ್ಮನವರ ಪಶ್ಚಿಮಕ್ಕೆ ‘ಕಲ್ಲುಬಾವಿ’ ಎಂದಿತ್ತು. ಪಕ್ಕದ ಜಮೀನಿನ ಮಹದೇವಪ್ಪನವರ ಪತ್ರದಲ್ಲಿ ಅವರ ಪೂರ್ವಕ್ಕೆ ‘ಕಲ್ಲುಬಾವಿ’ ಎಂದಿತ್ತು. ಬಾವಿ ಯಾರದು ಎಂದು ಎರಡು ಪತ್ರವೂ ಹೇಳುತ್ತಿರಲಿಲ್ಲ. ಬಾವಿ ಯಾರದೋ ಅದರ ಸುತ್ತಲಿನ ಹನ್ನೊಂದು ಅಡಿ ಪಟ್ಟಿಯೂ ಅವರದು. ನಾಗರತ್ನಮ್ಮನವರಿಗೆ ರಸ್ತೆಯಿಂದ ದಾರಿ ಇದ್ದದ್ದು ಆ ಪಟ್ಟಿಯಲ್ಲೇ. ಅದು ಹೋದರೆ ಮನೆಯ ಮಾತೇ ಇಲ್ಲ.

ನಾನು ದಾವೆ ಹಾಕಿದೆ. ಮೂರನೆಯ ವಾಯಿದೆಯಲ್ಲೇ ಯಥಾಸ್ಥಿತಿ ಆದೇಶ ತಂದೆ. ದಾವೆ ತೀರುವವರೆಗೆ ಎರಡೂ ಕಡೆಯವರು ಜಾಗವನ್ನು ಇದ್ದಂತೆಯೇ ಇಡಬೇಕು, ಏನನ್ನೂ ಕಟ್ಟಬಾರದು, ಕೆಡವಬಾರದು, ಬದಲಿಸಬಾರದು ಎಂಬ ಆದೇಶ. ಮಹದೇವಪ್ಪ ಕಾಂಪೌಂಡು ಕಟ್ಟಲು ತಂದು ಹಾಕಿದ್ದ ಕಲ್ಲು ಅಲ್ಲೇ ಉಳಿಯಿತು. ಕೋರ್ಟಿನ ಮೆಟ್ಟಿಲಿಳಿಯುತ್ತಾ ನಾನು ಮೀಸೆ ತಿರುವಲಿಲ್ಲ ಅಷ್ಟೆ, ಏಕೆಂದರೆ ನನಗೆ ಮೀಸೆ ಇಲ್ಲ.

ಮಳೆಗಾಲ ಹಿಡಿಯುವ ಮುಂಚೆ ನಾಗರತ್ನಮ್ಮ ಮತ್ತೆ ಬಂದರು.

“ಸಾ, ಆ ಬಾವಿ ಮುಚ್ಚಿಸಿಬಿಡ್ತೀನಿ. ಕಟ್ಟೆ ಕಲ್ಲೆಲ್ಲ ಯಾರೋ ಹೊತ್ಕೊಂಡೋಗವ್ರೆ. ನೆಲದ ಸಮಕ್ಕೆ ಬಾಯಿ ಬಿಟ್ಕೊಂಡದೆ. ಹುಲ್ಲು ಕುಯ್ಯೋಕೆ ಜನ ಬತ್ತಾರೆ. ಯಾರಾರ ಬಿದ್ರೆ?”

“ಬಾವಿನೇ ನಮ್ಮ ಸಾಕ್ಷಿ ಕಣಮ್ಮ. ಅದನ್ನ ಮುಚ್ಚಿದರೆ ನಿಮ್ಮ ಕೇಸೂ ಅದರ ಜೊತೆ ಮುಚ್ಚಿಹೋಗುತ್ತೆ. ಆದೇಶ ಇದೆ, ಮುಟ್ಟಬೇಡಿ.”

ಅವರು ತಲೆಯಾಡಿಸಿ ಹೋದರು. ಆದರೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದ ಹೆಂಗಸಿಗೆ ಕೈಕಟ್ಟಿ ಕೂರುವುದು ಆಗಲಿಲ್ಲ. ಒಬ್ಬ ಆಳನ್ನು ಕರೆದುಕೊಂಡು ಹೋಗಿ ಬಾವಿಯ ಸುತ್ತ ಜಾಲಿಮುಳ್ಳಿನ ಕೊಂಬೆಗಳನ್ನು ಎದೆಯೆತ್ತರ ಒಟ್ಟಿಸಿ ಬಂದರು. ಮುಚ್ಚಿಲ್ಲ, ಕಟ್ಟಿಲ್ಲ, ಬರೀ ಮುಳ್ಳು ತಾನೇ ಎಂಬುದು ಅವರ ಲೆಕ್ಕ. ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಇತ್ತು. ಮುಳ್ಳು ಒಣಗಿದಂತೆಲ್ಲ ಹೊಸದನ್ನು ಹಾಕಿಸುತ್ತಿದ್ದರಂತೆ. ಅವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನಗೆ ಗೊತ್ತಾದದ್ದು ಎದುರುಪಕ್ಷದ ಅರ್ಜಿ ಕೈಗೆ ಬಂದಾಗ. ವಾದಿಯು ಆದೇಶವನ್ನು ಉಲ್ಲಂಘಿಸಿ ಬೇಲಿ ಹಾಕಿ ಬಾವಿಯನ್ನು ಕಬಳಿಸಲು ಯತ್ನಿಸಿದ್ದಾರೆ, ಶಿಕ್ಷಿಸಬೇಕು ಎಂದು ಮಹದೇವಪ್ಪ ಕೇಳಿದ್ದರು. ಇಂಥ ಉಲ್ಲಂಘನೆ ಸಾಬೀತಾದರೆ ಸಿವಿಲ್ ಜೈಲಿಗೂ ಕಳಿಸಬಹುದು. ಸರ್ಕಾರಿ ನೌಕರಿಯಲ್ಲಿರುವವರಿಗೆ ಅದರ ನೆರಳು ಬಿದ್ದರೂ ಸಾಕು. ನಿಜ ಹೇಳಬೇಕೆಂದರೆ ಅವರ ನೌಕರಿಗಿಂತ ಹೆಚ್ಚಾಗಿ ನನ್ನ ಆದೇಶಕ್ಕೆ ಕುತ್ತು ಬರುತ್ತದೆಂದು ಹೆದರಿದೆ. ಫೋನ್ ಮಾಡಿ ರೇಗಿದೆ.

“ನಾಳೆಯೇ ತೆಗೆಸಿ. ಒಂದು ಕಡ್ಡಿಯೂ ಉಳಿಯಬಾರದು.”

“ತೆಗುಸ್ತೀನಿ ಸಾ. ಆಮೇಲೆ ಯಾರಾರ ಬಿದ್ರೆ ಯಾರು ಹೊಣೆ?”

“ಇನ್ನೊಬ್ಬರ ಜಮೀನಿಗೆ ಕೇಳದೆ ನುಗ್ಗಿದವರು ಬಿದ್ದರೆ ಅವರೇ ಹೊಣೆ. ನಿಮಗೇನೂ ಆಗಲ್ಲ.”

ಆ ಮಾತು ತಪ್ಪು, ಅದು ತಪ್ಪೆಂದು ನನಗೆ ಗೊತ್ತಿರಬೇಕಿತ್ತು. ಕೇಳದೆ ಬಂದವರ ಬಗ್ಗೆ ಮಾಲೀಕನಿಗೆ ಹೊಣೆ ಕಡಿಮೆ ನಿಜ, ಇಲ್ಲವೇ ಇಲ್ಲ ಎಂದಲ್ಲ. ಜನ ದಿನವೂ ಅಲ್ಲಿ ಓಡಾಡುತ್ತಾರೆ, ಅಲ್ಲೊಂದು ಕಾಣದ ಗುಂಡಿ ಇದೆ, ಎರಡೂ ನಿನಗೆ ಗೊತ್ತು ಎಂದಮೇಲೆ ಸುಮ್ಮನಿರುವುದು ನಿರ್ಲಕ್ಷ್ಯವಾಗುತ್ತದೆ. ದಾರಿ ಇರಲಿಲ್ಲವೆಂದೂ ಅಲ್ಲ. ಯಾರ ಹಕ್ಕಿಗೂ ಬಾಧೆಯಾಗದಂತೆ ಬಾವಿಯ ಬಾಯಿಗೆ ಭದ್ರತೆ ಮಾಡಲು ಅನುಮತಿ ಕೊಡಿ ಎಂದು ಕೋರ್ಟನ್ನೇ ಕೇಳಬಹುದಿತ್ತು. ನಾನು ಕೇಳಲಿಲ್ಲ. ಅರ್ಜಿ ಹಾಕಿದರೆ ಎದುರುಪಕ್ಷದವರು ತಕರಾರು ತೆಗೆಯುತ್ತಾರೆ, ಆದೇಶದ ಮೇಲೆ ಮತ್ತೆ ವಾದ ಎಬ್ಬಿಸುತ್ತಾರೆ, ಗೆದ್ದದ್ದನ್ನು ಕೆದಕುವುದೇಕೆ ಎಂದುಕೊಂಡೆ. ಮುಳ್ಳು ತೆಗೆಸಿದ ಫೋಟೋ ಹಾಜರುಮಾಡಿದೆ, ಅರ್ಜಿ ವಜಾ ಆಯಿತು, ನಾನು ಕೈ ತೊಳೆದುಕೊಂಡೆ.

ಅದು ಎರಡನೆಯ ಮಳೆಗಾಲ. ಮುಳ್ಳು ತೆಗೆದ ಜಾಗದಲ್ಲಿ ಒಂದೂವರೆ ತಿಂಗಳೊಳಗೆ ಹುಲ್ಲು, ಬಳ್ಳಿ ಎದ್ದು ಬಾವಿಯ ಬಾಯಿಯ ಮೇಲೆ ಹಬ್ಬಿಕೊಂಡವು.

ಕೆಂಪಮ್ಮ ಪಕ್ಕದ ಹಳ್ಳಿಯವರು, ಕೂಲಿ ಕೆಲಸದ ಜೊತೆ ಒಂದು ಹಸು ಸಾಕಿಕೊಂಡಿದ್ದವರು. ವಯಸ್ಸು ನಲವತ್ತೈದರ ಆಸುಪಾಸು. ಒಂದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹುಲ್ಲು ಕೊಯ್ಯುತ್ತಾ ಬಂದವರು ಒಂದು ಹೊರೆ ಕಟ್ಟಿಟ್ಟು, ಇನ್ನೊಂದು ಹಿಡಿಗೆಂದು ಕಾಲು ಮುಂದಿಟ್ಟರು. ಇಪ್ಪತ್ತೈದು ಅಡಿ ಕೆಳಗೆ ಸೊಂಟದ ಮಟ್ಟದ ಕೆಸರುನೀರು ಇದ್ದದ್ದರಿಂದ ಜೀವ ಉಳಿಯಿತು. ಬಲಗಾಲಿನ ಮೂಳೆ ಮೊಣಕಾಲಿನ ಕೆಳಗೆ ಎರಡು ತುಂಡಾಯಿತು. ಕಲ್ಲುಬಾವಿಗಳಲ್ಲಿ ಇಳಿಯಲೆಂದು ಗೋಡೆಯಿಂದ ಹೊರಚಾಚಿದ ಚಪ್ಪಡಿಗಳಿರುತ್ತವೆ. ಅಂಥದೊಂದಕ್ಕೆ ಕೈಯೂರಿ ಮೈ ಎಳೆದುಕೊಂಡು ಕೂತರು. ಮೇಲಿನ ಚಪ್ಪಡಿಗಳು ಮುರಿದುಹೋಗಿದ್ದವು, ಹತ್ತುವ ಹಾಗಿರಲಿಲ್ಲ. ಸೋಸಲೆ ಬಸ್ಸು ಹೋಗುವುದು, ಬರುವುದು, ಕಂಡಕ್ಟರ್ ಊದುವ ಸೀಟಿ ಎಲ್ಲವೂ ಅವರಿಗೆ ಕೇಳುತ್ತಿತ್ತಂತೆ. ಅವರು ಕೂಗಿದ್ದು ಯಾರಿಗೂ ಕೇಳಲಿಲ್ಲ. ತಲೆಯ ಮೇಲೆ ಬಳ್ಳಿಗಳ ಮಧ್ಯೆ ತಟ್ಟೆಯಗಲದ ಆಕಾಶ, ಕಾಲ ಬಳಿ ಏನೋ ಹರಿದಾಡಿದ ಹಾಗೆ. ಬಸ್ಸುಗಳನ್ನು ಎಣಿಸುತ್ತಾ ಕೂತೆ ಎಂದು ಆಮೇಲೆ ನಾಗರತ್ನಮ್ಮನವರಿಗೆ ಹೇಳಿದರಂತೆ. ಏಳನೆಯ ಬಸ್ಸಿನ ಹೊತ್ತಿಗೆ ಕೂಗಲು ದನಿಯೇ ಉಳಿದಿರಲಿಲ್ಲ.

ಮಧ್ಯಾಹ್ನವಾದರೂ ಹೆಂಡತಿ ಬರಲಿಲ್ಲವೆಂದು ಹುಡುಕುತ್ತಾ ಬಂದ ಗಂಡ ಸಿದ್ದಯ್ಯನಿಗೆ ಮೊದಲು ಕಂಡದ್ದು ಕಟ್ಟಿಟ್ಟ ಹುಲ್ಲಿನ ಹೊರೆ. ಅಗ್ನಿಶಾಮಕದವರು ಬಂದು ಹಗ್ಗ ಇಳಿಸಿ ಮೇಲೆತ್ತುವಾಗ ಎರಡೂವರೆ ಗಂಟೆ.

ಆ ದಿನ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಪಾಳಿ ನಾಗರತ್ನಮ್ಮನವರದು. ಸ್ಟ್ರೆಚರಿನಿಂದ ಇಳಿಸಿಕೊಂಡು, ಕೆಸರು ಒರೆಸಿ, ಕಾಲಿಗೆ ಪಟ್ಟಿ ಕಟ್ಟುತ್ತಾ ಎಲ್ಲಿ ಬಿದ್ದಿರಿ ಎಂದು ಅವರು ಕೇಳಿದ್ದಾರೆ. ಸಿದ್ದಯ್ಯ ಹೇಳಿದನಂತೆ: “ಸೋಸಲೆ ರಸ್ತೇಲಿ ಒಂದು ಕೇಸ್ ಬಾವಿ ಅದೆಯಲ್ಲ ನರ್ಸಮ್ಮ, ಅದ್ರಲ್ಲಿ.”

ಊರಲ್ಲಿ ಅದಕ್ಕೆ ಆ ಹೆಸರೇ ಬಿದ್ದಿತ್ತು. ಐದು ನಿಮಿಷದಲ್ಲಿ ನನಗೆ ನಾಗರತ್ನಮ್ಮನವರ ಫೋನು ಬಂತು.

“ಸಾ, ನಮ್ಮ ಬಾವಿಗೆ ಒಬ್ಬರು ಬಿದ್ದವ್ರೆ.”

ಬಿದ್ದವರು ಹೇಗಿದ್ದಾರೆ ಎಂದು ನಾನು ಕೇಳಲಿಲ್ಲ. “ನಮ್ಮ ಬಾವಿ ಅಂತ ಅಲ್ಲಿ ಯಾರಿಗಾದರೂ ಹೇಳಿದಿರಾ?” ಎಂದು ಕೇಳಿದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಪೊಲೀಸರು ನಿರ್ಲಕ್ಷ್ಯದಿಂದ ತೀವ್ರ ಗಾಯವಾದ ಪ್ರಕರಣ ದಾಖಲಿಸಿದರು. ಆರೋಪಿಯ ಕಾಲಮಿನಲ್ಲಿ ಹೆಸರಿಲ್ಲ, ‘ಬಾವಿಯ ಮಾಲೀಕರು’ ಎಂದಷ್ಟೇ ಇತ್ತು. ಬಾವಿ ನಿಮ್ಮದೋ ಅಲ್ಲವೋ ತಿಳಿಸಿ ಎಂದು ಎರಡೂ ಕಡೆಗೆ ನೋಟಿಸು ಹೋಯಿತು. ನಾವು ಎಂಥ ಅಡಕತ್ತರಿಗೆ ಸಿಕ್ಕಿದ್ದೇವೆ ಎಂದು ಆಗ ಅರ್ಥವಾಯಿತು. ನನ್ನದು ಎಂದರೆ ನಾಗರತ್ನಮ್ಮ ಆರೋಪಿ. ನನ್ನದಲ್ಲ ಎಂದರೆ ಅದೇ ಕಾಗದ ಸಿವಿಲ್ ದಾವೆಗೆ ಬರುತ್ತದೆ, ಹನ್ನೊಂದು ಅಡಿ ಹೋಗುತ್ತದೆ, ಮನೆಯೂ ಹೋಗುತ್ತದೆ. ಬಾವಿಯನ್ನು ಈಗಲಾದರೂ ಮುಚ್ಚೋಣವೆಂದರೆ ಆದೇಶ ಅಡ್ಡ, ಮೇಲಾಗಿ ಸಾಕ್ಷ್ಯ ಅಳಿಸಿದರು ಎಂಬ ಹೊಸ ಆರೋಪ. ಹೀಗೇ ಬಿಟ್ಟರೆ ಇನ್ನೊಬ್ಬರು ಬೀಳಬಹುದು. ಈ ನಾಲ್ಕು ಗೋಡೆಯನ್ನೂ ಒಂದೊಂದಾಗಿ ಕಟ್ಟಿದವನು ನಾನೇ.

ಮಹದೇವಪ್ಪನವರದೂ ಅದೇ ಪಾಡು. ಮುಂದಿನ ಶುಕ್ರವಾರ ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ, ತಮ್ಮ ವಕೀಲರನ್ನೂ ಬಿಟ್ಟು ನೇರ ನನ್ನ ಬಳಿಗೇ ಬಂದರು.

“ಲಾಯರ್ ಸಾ, ಬಾವಿ ನಂದಲ್ಲ ಕಣ್ರೀ. ನಿಮ್ಮೋರ್ದೇ. ನಂಗೆ ಮೊದ್ಲಿಂದ್ಲೂ ಅನುಮಾನಾನೇ ಇತ್ತು.”

“ಎರಡು ವರ್ಷದಿಂದ ನಂದು ಅಂತ ಬಡಿದಾಡ್ತಿದ್ದಿರಲ್ಲ ಸ್ವಾಮಿ?”

“ಅದು ಜಮೀನಿನ ಮಾತು ಸಾ. ಇದು ಸ್ಟೇಷನ್ ಮಾತು.”

ನಗು ಬಂತು, ನಗಲಿಲ್ಲ. ಆ ಹೊತ್ತಿಗೆ ನನ್ನ ಚೀಲದಲ್ಲೂ ನಾಗರತ್ನಮ್ಮನವರ ಪರವಾಗಿ ಅಂಥದೇ ಉತ್ತರ ಸಿದ್ಧವಾಗಿತ್ತು. ಸ್ವಲ್ಪ ನಯವಾದ ಭಾಷೆ ಅಷ್ಟೆ: ಮಾಲೀಕತ್ವದ ಪ್ರಶ್ನೆ ನ್ಯಾಯಾಲಯದ ಮುಂದಿರುವುದರಿಂದ ಈ ಹಂತದಲ್ಲಿ ಉತ್ತರಿಸಲು ಬರುವುದಿಲ್ಲ, ಗಾಯಾಳು ಅತಿಕ್ರಮ ಪ್ರವೇಶ ಮಾಡಿದವರು.

ನಾಗರತ್ನಮ್ಮ ಸಹಿ ಮಾಡಲು ನಂಜನಗೂಡಿಗೆ ಬಂದರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಪೆನ್ನು ಮುಟ್ಟಲಿಲ್ಲ.

“ಇದ್ರಲ್ಲಿ ಬಾವಿ ನಂದು ಅಂತಾನೂ ಇಲ್ಲ, ನಂದಲ್ಲ ಅಂತಾನೂ ಇಲ್ಲ.”

“ಅದೇ ಅದರ ಶಕ್ತಿ ಕಣಮ್ಮ.”

“ಸಾ, ಮೈಸೂರಲ್ಲಿ ಆಪರೇಷನ್ ಆಗಿ ಬಂದಮೇಲೆ ಆ ಯಮ್ಮನ ಕಾಲಿಗೆ ಡ್ರೆಸ್ಸಿಂಗ್ ಮಾಡ್ತಿರೋಳು ನಾನು. ಅಕ್ಕ ಅಂತಾರೆ. ಕೋರ್ಟಲ್ಲಿ ಬಾವಿ ನಂದು ಅಂತ ನನ್ ಕೈಲಿ ಪ್ರಮಾಣ ಮಾಡಿಸಿದ್ರಿ. ಒಬ್ಬರು ಬಿದ್ದ ತಕ್ಷಣ ಗೊತ್ತಿಲ್ಲ ಅಂತ ಬರಿಸ್ತೀರಾ? ನಾನು ಯಾವ್ ಮುಖ ಇಟ್ಕೊಂಡು ವಾರ್ಡಿಗೆ ಹೋಗ್ಲಿ?”

“ನಿಮ್ಮ ಮೇಲೆ ಕ್ರಿಮಿನಲ್ ಕೇಸಾಗುತ್ತೆ.”

“ಆಗ್ಲಿ. ಬಾವಿ ನಂದೇ ಅಂತ ಬರೀರಿ.”

ನಾನು ಅರ್ಧ ಗಂಟೆ ಬುದ್ಧಿ ಹೇಳಿದೆ, ಹೆದರಿಸಿದೆ, ಕೊನೆಗೆ ಬರೆದೆ. ಅವರು ಸಹಿ ಹಾಕಿ ಮೂರು ಗಂಟೆಯ ಬಸ್ಸಿಗೆ ಹೊರಟರು.

ಆರೋಪಪಟ್ಟಿಯಲ್ಲಿ ಅವರ ಹೆಸರು ಬಂತು. ಅವರ ಉತ್ತರ ಸಲ್ಲಿಸಿದ ಮುಂದಿನ ಮಂಗಳವಾರವೇ ನಾನು ಸಿವಿಲ್ ಕೋರ್ಟಿನಲ್ಲಿ ಅನುಮತಿ ಅರ್ಜಿ ಹಾಕಿದೆ. ಬಾವಿಯ ಬಾಯಿಗೆ ಕಾಂಕ್ರೀಟ್ ಚಪ್ಪಡಿ ಮುಚ್ಚಲು, ಅದರಿಂದ ಯಾರ ಹಕ್ಕೂ ಹುಟ್ಟುವುದಿಲ್ಲ, ಯಾರ ಹಕ್ಕೂ ಅಳಿಯುವುದಿಲ್ಲ ಎಂಬ ಷರತ್ತಿನ ಮೇಲೆ. ಅರ್ಜಿ ಒಂದೇ ಪುಟ. ಎದುರುಪಕ್ಷದ ವಕೀಲರು ತಕರಾರಿಲ್ಲ ಎಂದರು. ಊಟದ ವಿರಾಮಕ್ಕೆ ಮುಂಚೆ ಆದೇಶವಾಯಿತು. ನ್ಯಾಯಾಧೀಶರು ಸಹಿ ಮಾಡುತ್ತಾ, ಇದನ್ನು ಮೊದಲೇ ಏಕೆ ಕೇಳಲಿಲ್ಲ ಎಂದರು. ನಾನು ಫೈಲಿನ ದಾರ ಬಿಗಿಯುತ್ತಾ ನಿಂತೆ.

ಮೂಲ ದಾವೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾವಿಯ ಸಹವಾಸವೇ ಬೇಡ ಎಂದು ಮಹದೇವಪ್ಪ ರಾಜಿಗೆ ಬಂದರು. ಆ ಹನ್ನೊಂದು ಅಡಿ ನಾಗರತ್ನಮ್ಮನವರಿಗೇ ಉಳಿಯಿತು. ಅದರಲ್ಲಿ ನನ್ನ ಜಾಣತನ ಸಾಸಿವೆಯಷ್ಟೂ ಇರಲಿಲ್ಲ.

ಕ್ರಿಮಿನಲ್ ಕೇಸು ಮಾತ್ರ ಒಂದು ವರ್ಷ ಎಳೆಯಿತು. ಅಷ್ಟೂ ಕಾಲ ನಾಗರತ್ನಮ್ಮ ಆರೋಪಿಯಾಗಿ ಕಟಕಟೆಯಲ್ಲಿ ನಿಂತು, ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ ಯೂನಿಫಾರಂ ಹಾಕಿಕೊಳ್ಳುತ್ತಿದ್ದರು. ಕೆಂಪಮ್ಮನವರ ಚಿಕಿತ್ಸೆ ಅವರೇ ನೋಡಿಕೊಂಡರು. ಹಸುವಿಗೆ ಮೇವು ಕೂಡ ಹೋಗುತ್ತಿತ್ತು. ಕೊನೆಗೆ ಕೆಂಪಮ್ಮ ರಾಜಿಗೆ ಒಪ್ಪಿದರು. ಇಂಥ ಪ್ರಕರಣವನ್ನು ಗಾಯಗೊಂಡವರು ಕೋರ್ಟಿನ ಅನುಮತಿಯಿಂದ ರಾಜಿ ಮಾಡಿಕೊಳ್ಳಬಹುದು. ಆದರೆ ಒತ್ತಾಯ ಏನೂ ಇಲ್ಲವೆಂದು ಮ್ಯಾಜಿಸ್ಟ್ರೇಟರು ಅವರನ್ನೇ ಕೇಳಿ ಖಾತರಿ ಮಾಡಿಕೊಳ್ಳಬೇಕು.

ಕೆಂಪಮ್ಮ ಊರುಗೋಲು ಹಿಡಿದು ಬಂದು ನಿಂತರು. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟರು. ಮ್ಯಾಜಿಸ್ಟ್ರೇಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕುತೂಹಲಕ್ಕೋ ಏನೋ ಇನ್ನೊಂದು ಪ್ರಶ್ನೆ ಕೇಳಿದರು. “ಪಕ್ಕದ ಹಳ್ಳಿಯವರೇ ನೀವು. ಅಲ್ಲಿ ಬಾವಿ ಇರೋದು ನಿಮಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು ಸಾಮಿ. ಮುಳ್ಳು ಆಕಿದ್ರಲ್ಲ, ಅದಿರೋಗಂಟ ನಾನು ಅತ್ಲಾಗೆ ಓಯ್ತಾನೇ ಇರ್ಲಿಲ್ಲ. ಆಮ್ಯಾಕೆ ಒಂದಿನ ನೋಡ್ತೀನಿ, ಮುಳ್ಳು ತೆಗ್ದವ್ರೆ. ಬಾವಿ ಇರೋಗಂಟ ಯಾರಾರ ಮುಳ್ಳು ತೆಗೀತಾರಾ? ಮುಚ್ಚವ್ರೆ ಅನ್ಕಂಡೆ. ಮ್ಯಾಲೆ ಉಲ್ಲೂ ಬೆಳ್ದಿತ್ತು.”

ನಮ್ಮ ಸೀಮೆಯಲ್ಲಿ ಮುಳ್ಳು ಇಟ್ಟರೆ ಅಪಾಯ, ಮುಳ್ಳು ತೆಗೆದರೆ ಅಪಾಯ ಕಳೆಯಿತು ಎಂದರ್ಥ. ಬೋರ್ಡು ಓದಲು ಬಾರದವರಿಗೂ ಅದು ಗೊತ್ತು. ಎಲ್ಲರ ಹಾಗೆ ನನಗೂ ಗೊತ್ತು. ಬಾವಿ ಹಾಗೇ ಇರುವಾಗ ಅದರ ಸುತ್ತಲಿನ ಎಚ್ಚರಿಕೆಯನ್ನು ಕೀಳಿಸಿ, ಇಲ್ಲಿ ಇನ್ನು ಭಯವಿಲ್ಲ ಬನ್ನಿ ಎಂದು ನಾನು ಕರೆದಂತಾಗಿತ್ತು.

“ಮುಳ್ಳು ಯಾರು ತೆಗೆಸಿದ್ದು?” ಎಂದರು ಮ್ಯಾಜಿಸ್ಟ್ರೇಟರು, ಕಟಕಟೆಯ ಕಡೆ ನೋಡಿ.

ನಾಗರತ್ನಮ್ಮ ತಲೆ ತಗ್ಗಿಸಿದರು. ಡ್ರೆಸ್ಸಿಂಗ್ ಮಾಡುತ್ತಲೇ ಈ ಮಾತನ್ನು ಅವರು ಯಾವತ್ತೋ ಕೇಳಿರಬೇಕು ಎಂದು ನನಗೆ ಆಗ ಹೊಳೆಯಿತು. ಕೇಳಿಯೂ ನನಗೆ ಹೇಳಿರಲಿಲ್ಲ, ಪೊಲೀಸರಿಗೂ ಹೇಳಿರಲಿಲ್ಲ. ವಕೀಲರ ಮಾತು ಕೇಳಿ ತೆಗೆಸಿದೆ ಎಂಬ ಒಂದು ವಾಕ್ಯ ಅವರ ಪರವಾಗಿ ನಿಲ್ಲುತ್ತಿತ್ತು. ಒಂದು ವರ್ಷ ಕಟಕಟೆಯಲ್ಲಿ ನಿಂತರೂ ಆ ವಾಕ್ಯವನ್ನು ಅವರು ಬಳಸಲಿಲ್ಲ. ಈಗಲೂ ಬಾಯಿ ಬಿಡುವ ಹಾಗೆ ಕಾಣಲಿಲ್ಲ. ಸುಮ್ಮನಿದ್ದರೆ ರಾಜಿಯಾಗಿ ಎಲ್ಲ ಮುಗಿಯುತ್ತಿತ್ತು. ನನ್ನ ಹಿಂದೆ ಹದಿನೈದು ಇಪ್ಪತ್ತು ಜನ ವಕೀಲರು ಕೂತಿದ್ದರು.

“ನಾನು ತೆಗೆಸಿದ್ದು ಸ್ವಾಮಿ,” ಎಂದೆ. “ಅವರು ಬೇಡ ಎಂದರು. ನಾನೇ ಒತ್ತಾಯ ಮಾಡಿ ತೆಗೆಸಿದೆ.”

ಮ್ಯಾಜಿಸ್ಟ್ರೇಟರು ನನ್ನನ್ನು ಒಂದು ಕ್ಷಣ ನೋಡಿ, ರಾಜಿ ದಾಖಲಿಸಿಕೊಂಡರು. ನಾಗರತ್ನಮ್ಮ ಬಿಡುಗಡೆಯಾದರು. ಹೊರಗೆ ಬಂದು, ಅವರ ಕಾಗದಪತ್ರಗಳನ್ನೆಲ್ಲ ಬೇರೆ ವಕೀಲರಿಗೆ ಕೊಟ್ಟುಬಿಡುತ್ತೇನೆ ಎಂದೆ. “ಬ್ಯಾಡ ಸಾ. ಅರ್ಜಿ ಹೆಂಗೆ ಹಾಕ್ಬೇಕು ಅಂತ ನಿಮ್ಗೆ ಈಗ ಗೊತ್ತಾಯ್ತಲ್ಲ. ಹೊಸಬರಿಗೆ ಮೊದಲಿಂದ ಕಲಿಸೋಕೆ ನನ್ ಕೈಲಾಗಲ್ಲ,” ಎಂದರು. ಆ ಇಡೀ ವ್ಯವಹಾರದಲ್ಲಿ ಅವರು ನನ್ನನ್ನು ಚುಚ್ಚಿದ್ದು ಅದೊಂದೇ ಸಲ.

ಬೇವಿನ ಮರದ ಕೆಳಗೆ ಕೆಂಪಮ್ಮ ಗಂಡನ ಜೊತೆ ಕೂತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ತಪ್ಪಾಯಿತು ಎಂದೆ. ಅವರು ನನ್ನ ಕಪ್ಪು ಕೋಟನ್ನು ನೋಡಿದರು.

“ನೀವು ಆ ಬಾವಿ ನೋಡಿದ್ರಾ ಸಾ?”

ನಾನು ಆ ದಾವೆಯನ್ನು ಎರಡು ವರ್ಷ ನಡೆಸಿದವನು. ಬಾವಿಯ ಅಗಲ, ರಸ್ತೆಯಿಂದ ಅದಕ್ಕಿರುವ ದೂರ ನನಗೆ ಬಾಯಿಪಾಠ. ಎಲ್ಲವೂ ನಕ್ಷೆಯಿಂದ ಓದಿದ್ದು. ಮಂಗಳವಾರ, ಶುಕ್ರವಾರ ತಿ. ನರಸೀಪುರಕ್ಕೆ ಹೋಗುತ್ತಿದ್ದ ನಾನು ಒಂದು ದಿನವೂ ಸೋಸಲೆ ರಸ್ತೆಗೆ ತಿರುಗಿರಲಿಲ್ಲ.

“ಇಲ್ಲಮ್ಮ. ನೋಡಿರಲಿಲ್ಲ.”

“ನೋಡಿದ್ರೆ ತೆಗ್ಸ್ತಿರ್ಲಿಲ್ಲ ಬುಡಿ,” ಎಂದರು ಕೆಂಪಮ್ಮ. ಊರುಗೋಲು ಊರಿ, ಸಿದ್ದಯ್ಯನ ಭುಜ ಹಿಡಿದು ಎದ್ದರು.

ಆಮೇಲೆ ನಾನು ಹೆಚ್ಚು ಕಾಲ ಪ್ರಾಕ್ಟೀಸು ಮಾಡಲಿಲ್ಲ, ಈಗ ನಿವೃತ್ತ. ಖಾಲಿ ಜಮೀನು ಇಟ್ಟುಕೊಂಡವರು ಈಗಲೂ ಮನೆಗೆ ಬಂದು ಕೇಳುತ್ತಾರೆ. ಖಾತೆ ಸರಿಯಿದೆಯಾ, ಕಂದಾಯ ಕಟ್ಟಿದ್ದೀವಿ, ಬೋರ್ಡು ಹಾಕಿದ್ದೀವಿ, ಇನ್ನೇನು ಮಾಡಬೇಕು ಎಂದು. ಬಾವಿಯಿದ್ದರೆ ಚಪ್ಪಡಿ ಹಾಕಿಸಿ, ಗುಂಡಿಯಿದ್ದರೆ ಮುಚ್ಚಿಸಿ, ಮಾಡಿದ್ದಕ್ಕೆ ಫೋಟೋ ಇಟ್ಟುಕೊಳ್ಳಿ, ಕೋರ್ಟಿನ ಆದೇಶ ಅಡ್ಡ ಬಂದರೆ ಕೋರ್ಟನ್ನೇ ಕೇಳಿ ಎನ್ನುತ್ತೇನೆ. ಆದರೆ ಇದೆಲ್ಲ ಹೇಳುವುದು ಆಮೇಲೆ. ಮೊದಲು ಅವರನ್ನು ಕರೆದುಕೊಂಡು ಜಮೀನಿಗೆ ಹೋಗುತ್ತೇನೆ. ಕಾಗದದಲ್ಲಿ ಖಾಲಿ ಎಂದಿರುವ ಜಾಗದಲ್ಲಿ ಬೆಳಿಗ್ಗೆ ಒಂಬತ್ತು ಗಂಟೆಗೆ ಯಾರು ಓಡಾಡುತ್ತಿರುತ್ತಾರೆ ಎಂದು ಕಣ್ಣಾರೆ ನೋಡದೆ ಈಗ ನಾನು ಯಾರಿಗೂ ಸಲಹೆ ಕೊಡುವುದಿಲ್ಲ.